ಮೂಗು ಸರಿ

ಜೂನ್ 2, ಮಂಗಳವಾರ

ಥೂ. ಹೊಸ ಪುಸ್ತಕವನ್ನು ಇದಕ್ಕಿಂತ ಒಳ್ಳೆಯ ಮಾತಿನಿಂದ ಶುರು ಮಾಡಬೇಕೆಂದಿದ್ದೆ. ಆಗಲಿಲ್ಲ.

ಬೆಳಗ್ಗೆ ಎದ್ದರೆ ಅತ್ತೆಯ ಕೋಣೆಯ ವಾಸನೆ, ಕೆಲಸಕ್ಕೆ ಹೋದರೆ ಊರಿನ ಕೊಳಚೆಯ ವಾಸನೆ, ನಡುವೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವನ ಕಂಕುಳು. ದೇವರು ನನಗೆ ಬಣ್ಣ ಕೊಡುವಾಗ ಕೈ ಬಿಗಿ ಹಿಡಿದ, ಬುದ್ಧಿ ಕೊಡುವಾಗಲೂ ಬಿಗಿ ಹಿಡಿದ, ಮೂಗು ಕೊಡುವಾಗ ಮಾತ್ರ ಧಾರಾಳಿಯಾದ. ಪಕ್ಕದ ಮನೆಯಲ್ಲಿ ಮೊಟ್ಟೆ ಒಡೆದರೆ ಅದು ಹಳೆಯದೋ ಹೊಸದೋ ನಮ್ಮ ಮನೆಯಲ್ಲಿ ಕೂತು ಹೇಳಬಲ್ಲೆ.

ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಮೇಲೆ ಹಾಸಿಗೆ ಬಿಟ್ಟೆದ್ದಿಲ್ಲ. ಎಲ್ಲವೂ ಅಲ್ಲೇ. ಮಧ್ಯಾಹ್ನ ಎದುರುಮನೆಯಾಕೆ ಬಂದು ಊಟ ಕೊಟ್ಟು ಹೋಗುತ್ತಾಳೆ, ಮಿಕ್ಕದ್ದೆಲ್ಲ ನನ್ನ ಪಾಲು. ನನ್ನ ಗಂಡ ಎಲ್ಲೋ ದೂರದಲ್ಲಿ ಸೇತುವೆ ಕಟ್ಟಿಸುತ್ತಿದ್ದಾರೆ. ಹದಿನೈದು ದಿನಕ್ಕೊಮ್ಮೆ ಬಂದು ತಾಯಿಯ ಕೈ ಹಿಡಿದು ಕೂತು ಹೋಗುತ್ತಾರೆ. ಕೈ ಹಿಡಿಯುವುದಕ್ಕೆ ವಾಸನೆ ಇರುವುದಿಲ್ಲ.

ಆರೈಕೆ ಕೇಂದ್ರದಲ್ಲಿ ಹೆಸರು ಬರೆಸಿದ್ದೇವೆ. ಹಾಸಿಗೆ ಖಾಲಿಯಾದ ಕೂಡಲೇ ಅತ್ತೆಯನ್ನು ಅಲ್ಲಿಗೆ ಸೇರಿಸುವುದು. ಒತ್ತಾಯ ಮಾಡಿದವಳು ನಾನೇ, ಸುಳ್ಳೇಕೆ. ಅತ್ತೆಗೂ ಹೇಳಿದೆವು. "ಸರಿ" ಎಂದು ಗೋಡೆಯ ಕಡೆ ತಿರುಗಿಕೊಂಡರು.

ಇವತ್ತು ಬಟ್ಟೆ ಬದಲಿಸುವಾಗ ಹೇಳಿದರು: "ಮದುವೆಯಾಗಿ ಬಂದಾಗಿಂದ ನೀನು ಮೂಗು ಮುರೀತಾನೇ ಇದ್ದೀಯ ಕಣೇ. ಆಗ ನನ್ನ ಅಡುಗೆಗೆ, ಈಗ ನನಗೆ."

ನಾನು ಆಗಲೂ ಉಸಿರು ಹಿಡಿದುಕೊಂಡಿದ್ದೆ.

ಜೂನ್ 5, ಶುಕ್ರವಾರ

ಊರಿನವರೆಲ್ಲ ನೀರು ಬಿಟ್ಟು ಮರೆತದ್ದು ನಮ್ಮ ಪ್ಲಾಂಟಿಗೆ ಬರುತ್ತದೆ. ಅದು ಮುಚ್ಚಿದ ತೊಟ್ಟಿಗಳಲ್ಲಿ ಕೊಳೆತು ಗ್ಯಾಸಾಗುತ್ತದೆ. ಆ ಗ್ಯಾಸಿನಿಂದ ಕರೆಂಟ್ ತೆಗೆಯುವ ಒಂದು ಪೆಟ್ಟಿಗೆಯನ್ನು ಹೋದ ವರ್ಷ ತಂದು ನಿಲ್ಲಿಸಿದ್ದಾರೆ. ಫ್ಯೂಯೆಲ್ ಸೆಲ್ ಅಂತ ಅದರ ಹೆಸರು. ಎರಡು ಬೀರು ಜೋಡಿಸಿಟ್ಟಷ್ಟು ದೊಡ್ಡದು. ಹೊಗೆ ಇಲ್ಲ, ಸದ್ದಿಲ್ಲ, ಇಡೀ ಪ್ಲಾಂಟಿನಲ್ಲಿ ಮರ್ಯಾದಸ್ಥ ವಸ್ತು ಅದೊಂದೇ. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಗ್ಯಾಸಿನಲ್ಲಿ ಗಂಧಕ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರದೇ. ಪೆಟ್ಟಿಗೆಗೆ ಅದು ವಿಷ. ಹಾಗಾಗಿ ಗ್ಯಾಸು ಮೊದಲು ಒಂದು ದೊಡ್ಡ ಡ್ರಮ್ಮಿನೊಳಗೆ ಹಾಯುತ್ತದೆ. ಅದರ ತುಂಬ ತುಕ್ಕು ಬಣ್ಣದ ಗುಳಿಗೆಗಳಿವೆ, ಗಂಧಕವನ್ನು ಅವು ಹೀರಿಕೊಳ್ಳುತ್ತವೆ. ಗುಳಿಗೆ ಹೀರಿ ಹೀರಿ ಸಾಕಾದಾಗ ಪಕ್ಕದ ಹೊಸ ಡ್ರಮ್ಮಿಗೆ ತಿರುಗಿಸಬೇಕು. ಸಾಕಾಗಿದೆ ಎಂದು ತಿಳಿಸುವ ಮೀಟರ್ ಕೆಟ್ಟು ಎಷ್ಟೋ ಕಾಲವಾಯಿತು. ಹೊಸದು ಬರುತ್ತದೆ ಎಂದು ಹಲ್ಲುಕಡ್ಡಿ ಸಾಹೇಬರು ಮೂಗಿಗೆ ತುಪ್ಪ ಸವರುತ್ತಲೇ ಇದ್ದಾರೆ.

ಹಲ್ಲುಕಡ್ಡಿ ಎಂದರೆ ನಮ್ಮ ಪ್ಲಾಂಟಿನ ಮುಖ್ಯಸ್ಥರು. ಮಾತಾಡುವಾಗ ಹಲ್ಲು ಕೆದಕುತ್ತಾರೆ, ಮಾತು ನಿಲ್ಲಿಸಿ ಕಡ್ಡಿಯ ತುದಿಯಲ್ಲಿ ಏನು ಬಂತೆಂದು ನೋಡುತ್ತಾರೆ, ಮತ್ತೆ ಅದನ್ನೇ ಬಾಯಿಗೆ ಇಡುತ್ತಾರೆ.

ಅವರೇ ಕಂಡುಹಿಡಿದ ಉಪಾಯ ಇದು. ಡ್ರಮ್ಮಿನ ಆಚೆ ಒಂದು ಸಣ್ಣ ನಲ್ಲಿ ಇದೆ. ದಿನಾ ಬೆಳಗ್ಗೆ ನಾನು ಅದನ್ನು ಚೂರೇ ತಿರುಗಿಸಿ ಮೂಸಬೇಕು. ಫಿಟ್ಟರ್ ನಶ್ಯ ಏರಿಸಿ ಏರಿಸಿ ಮೂಗು ಸುಟ್ಟುಕೊಂಡಿದ್ದಾನೆ, ಅವನಿಂದ ಆಗದು. "ನಿನ್ನಷ್ಟು ಹೇಸಿಗೆ ಪಡೋರು ಇಲ್ಲಿ ಯಾರೂ ಇಲ್ಲಮ್ಮ. ನೀನೇ ನಮ್ಮ ಮೀಟರ್" ಎಂದರು. ಮೂಸಿ, ಮೊಟ್ಟೆಯ ವಾಸನೆ ಇಲ್ಲದಿದ್ದರೆ ಫೋನಿನಲ್ಲಿ "ಮೂಗು ಸರಿ" ಎಂದು ಹೇಳಬೇಕು. ಅದು ಇಲ್ಲಿನ ಮಂತ್ರ. ಆವತ್ತಿನಿಂದ ಎಲ್ಲರ ಬಾಯಲ್ಲೂ ನಾನು ಮೂಗಮ್ಮ. ಮಾತು ಬಾರದವಳಲ್ಲ, ಮೂಗಿನ ಅಮ್ಮ ಎಂದು ಹೊಸಬರಿಗೆಲ್ಲ ಬಿಡಿಸಿ ಹೇಳುವುದೇ ಒಂದು ಕೆಲಸ.

ಜೂನ್ 11, ಗುರುವಾರ

ಹಾಸಿಗೆಗೆ ಹೊಸ ಹಾಸು ಹಾಕುತ್ತಿದ್ದಾಗ ಅತ್ತೆ, "ಅದೇನು ಪೆಟ್ಟಿಗೆ, ಪೆಟ್ಟಿಗೆ ಅಂತೀಯಲ್ಲ, ಏನಿದೆ ಅದ್ರಲ್ಲಿ?" ಎಂದರು. ಬಾಯಿ ತೆರೆದರೆ ಉಸಿರು ಎಳೆಯಬೇಕಾಗುತ್ತದೆ. ಆದರೂ ಹೇಳಿದೆ.

"ಪಿಂಗಾಣಿ ಬಿಲ್ಲೆಗಳಿವೆ ಅತ್ತೆ. ಒಂದರ ಮೇಲೊಂದು ಜೋಡಿಸಿದ್ದಾರೆ. ಒಂದೊಂದು ಬಿಲ್ಲೆಗೂ ಒಂದು ಪಕ್ಕ ಗಾಳಿ, ಇನ್ನೊಂದು ಪಕ್ಕ ಗ್ಯಾಸು."

"ಬೆಂಕಿ?"

"ಬೆಂಕಿ ಇಲ್ಲ. ಕಾವು ಮಾತ್ರ. ಕುಲುಮೆಯಲ್ಲಿ ಕಬ್ಬಿಣ ಕೆಂಪಗಾಗುತ್ತಲ್ಲ, ಅಷ್ಟು ಕಾವು. ತಣ್ಣಗಿದ್ದರೆ ಪಿಂಗಾಣಿ ಬರೀ ಗೋಡೆ. ಹಾಗೆ ಕಾದಾಗ ಮಾತ್ರ ಗಾಳಿಯಲ್ಲಿರೋ ಆಮ್ಲಜನಕ ಅದರೊಳಗೆ ತೂರಿಕೊಂಡು ಆಚೆ ಹೋಗುತ್ತೆ. ಹೋಗೋವಾಗ ಬರಿಗೈಲಿ ಹೋಗಲ್ಲ, ಎಲೆಕ್ಟ್ರಾನ್ ಹೊತ್ಕೊಂಡು ಹೋಗುತ್ತೆ. ಆಚೆ ಗ್ಯಾಸಿನ ಜೊತೆ ಸೇರಿ ಆವಿಯಾಗುತ್ತೆ, ಹೊತ್ತಿದ್ದನ್ನ ಅಲ್ಲೇ ಇಳಿಸುತ್ತೆ. ಇಳಿದ ಎಲೆಕ್ಟ್ರಾನ್‌ಗೆ ಗೋಡೆಯೊಳಗಿಂದ ವಾಪಸ್ ಬರೋಕೆ ದಾರಿ ಇಲ್ಲ. ಹೊರಗಿನ ತಂತಿಯಲ್ಲಿ ಸುತ್ತಾಡ್ಕೊಂಡೇ ಗಾಳಿಯ ಪಕ್ಕಕ್ಕೆ ಬರಬೇಕು. ಆ ಸುತ್ತಾಟವೇ ಕರೆಂಟು."

ಅತ್ತೆ ಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ಬರೆದರು. "ಅಂದ್ರೆ ಒಬ್ಬರಿಗೆ ನಡುಮನೆ ಬಾಗಿಲು, ಇನ್ನೊಬ್ಬರು ಹಿತ್ತಲಿಂದ ಸುತ್ತಿ ಬರಬೇಕು. ನಮ್ಮತ್ತೆ ಮನೇಲಿ ನಾನು ಹಾಗೇ ಇದ್ದೆ. ಕೆಲಸವೆಲ್ಲ ಆಗ್ತಿದ್ದದ್ದು ನಾನು ಸುತ್ತಿದ್ರಿಂದಲೇ."

ನನಗೆ ನಗು ಬಂತು, ಜೊತೆಗೆ ಒಂದು ಉಸಿರು ಒಳಗೆ ಹೋಯಿತು, ಬಾಗಿಲಿಗೆ ಓಡಿದೆ. ವಾಪಸು ಬಂದಾಗ ಅತ್ತೆಯ ಮುಖ ಗೋಡೆಯ ಕಡೆಗಿತ್ತು. ಆದರೂ ಪ್ರಶ್ನೆ ನಿಲ್ಲಲಿಲ್ಲ.

"ಆ ಗಂಧಕ ಒಳಗೆ ಹೋದ್ರೆ ಏನಾಗುತ್ತೆ?"

"ಗ್ಯಾಸಿನ ಪಕ್ಕದಲ್ಲಿ ನಿಕ್ಕಲ್ ಲೇಪ ಇದೆ. ಗ್ಯಾಸು ಬಂದು ಕೆಲಸ ಮಾಡೋದು ಅದರ ಮೇಲೆ. ಗಂಧಕ ಬಂದು ಆ ಜಾಗದಲ್ಲೆಲ್ಲ ಕೂತುಬಿಡುತ್ತೆ. ಸದ್ದಿಲ್ಲದೆ ವೋಲ್ಟೇಜ್ ಇಳಿಯುತ್ತೆ."

"ಪಾಪ, ಅದು ಬಾಯಿ ಬಿಟ್ಟು ಹೇಳಲ್ವಾ?"

"ಪೆಟ್ಟಿಗೆ ಹೇಗೆ ಹೇಳುತ್ತೆ ಅತ್ತೆ? ನಾವೇ ತಿಳ್ಕೋಬೇಕು." ಮೂಸುವ ಕಥೆಯನ್ನೂ, ಮೂಗು ಸರಿ ಎನ್ನುವುದನ್ನೂ ಹೇಳಿದೆ. ಅತ್ತೆ ಗೋಡೆಗೆ ಮುಖ ಮಾಡಿಕೊಂಡೇ ಭುಜ ಕುಲುಕಿಸಿ ನಕ್ಕರು. "ಮೂಗು ಮುರಿಯೋದಕ್ಕೆ ಸಂಬಳ ಕೊಡ್ತಾರಾ ನಿನಗೆ!"

ಜೂನ್ 14, ಭಾನುವಾರ

ಶೀತ. ತಲೆ ಭಾರ. ಮೂಗು ಪೂರ್ತಿ ಕಟ್ಟಿದೆ. ಇವರು ಬಂದಿದ್ದಾರೆ. ಇವರ ಕಾಲುಚೀಲ ಮಂಚದ ಕೆಳಗೇ ಬಿದ್ದಿದೆ, ಏನೂ ಗೊತ್ತಾಗುತ್ತಿಲ್ಲ. ಸ್ವರ್ಗ ಹೀಗೇ ಇರುತ್ತದೇನೋ.

ಜೂನ್ 23, ಮಂಗಳವಾರ

ಶೀತ ಹೋಯಿತು, ಉಸಿರು ಸಲೀಸಾಗಿದೆ. ಡ್ರಮ್ಮಿನ ನಲ್ಲಿಯೂ ಚೊಕ್ಕ. ಮೂಗು ಸರಿ ಎಂದೆ.

ಅಂಗಡಿಯವನು ಕಾಫಿಪುಡಿಯಲ್ಲಿ ಏನು ಬೆರೆಸುತ್ತಾನೋ, ಬಿಸಿನೀರಿಗೆ ಬಣ್ಣ ಹಾಕಿ ಕುಡಿದಂತಿದೆ. ಹೋಗಿ ಜಗಳ ಆಡಿದೆ. ಅವನು ಡಬ್ಬಿ ತೆಗೆದು ಮೂಗಿನ ಹತ್ತಿರ ಹಿಡಿದ. ಇದಕ್ಕೆ ವಾಸನೆಯೇ ಇಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದೆ. ಮೋಸಗಾರರ ಕಾಲ. ಎದುರು ನಿಂತು ಹಲ್ಲು ಬಿಡುತ್ತ ಮೋಸ ಮಾಡುತ್ತಾರೆ.

ಇನ್ನೊಂದು. ಇವತ್ತು ಅತ್ತೆಯದೆಲ್ಲ ಬಳಿದು ಒರೆಸಿದೆ, ಒಮ್ಮೆಯೂ ಓಕರಿಕೆ ಬರಲಿಲ್ಲ. ಅಭ್ಯಾಸವಾಗುತ್ತಿದೆ ಎಂದು ಕಾಣುತ್ತದೆ. ನನ್ನಿಂದಲೂ ಆಗುತ್ತದೆ ಎಂದು ನಾನೇ ಅಂದುಕೊಂಡಿರಲಿಲ್ಲ.

ಜುಲೈ 1, ಬುಧವಾರ

ಪೆಟ್ಟಿಗೆಯ ವೋಲ್ಟೇಜ್ ಇಳಿಯುತ್ತಿದೆ. ಒಂದೇ ಸಲಕ್ಕಲ್ಲ, ದಿನಾ ಚೂರು ಚೂರು. ಹಲ್ಲುಕಡ್ಡಿ ಕಡ್ಡಿಯ ತುದಿಯನ್ನು ಬೆಳಕಿಗೆ ಹಿಡಿದು ನೋಡುತ್ತ, "ಪಿಂಗಾಣಿಯೇ ಕಳಪೆ. ತಯಾರಿಸಿದವರನ್ನ ಕರೆಸ್ತೀನಿ, ಎತ್ಕೊಂಡು ಹೋಗಲಿ" ಎಂದರು. "ನಮ್ಮ ಗ್ಯಾಸಂತೂ ಶುದ್ಧ. ಅಲ್ವೇನಮ್ಮ?" ಹೌದು ಎಂದೆ. ದಿನಾ ಮೂಸುವವಳು ನಾನು.

ಬೆರಳಿನ ಬೆಳ್ಳಿ ಉಂಗುರ ಮಸಿಯ ಹಾಗೆ ಕಪ್ಪಾಗಿದೆ. ಅಕ್ಕಸಾಲಿಗನೂ ಟೋಪಿ ಹಾಕಿದ.

ಈಗೀಗ ಸಂಜೆ ಅತ್ತೆಯ ಕೋಣೆಯಲ್ಲೇ ಕೂರುತ್ತೇನೆ. ಕಾಫಿ ಎನ್ನುವ ಆ ಬಣ್ಣದ ನೀರನ್ನೂ ಅಲ್ಲೇ ಕುಡಿಯುತ್ತೇನೆ. ತಲೆ ಬಾಚಿ ಜಡೆ ಹಾಕಿದೆ. ಅವರ ಕೂದಲು ಇಷ್ಟು ಮೆತ್ತಗಿದೆ ಎಂದು ಇಷ್ಟು ವರ್ಷ ಗೊತ್ತಿರಲಿಲ್ಲ. ಹತ್ತಿರ ಹೋದವಳಲ್ಲವಲ್ಲ. ಚಿಕ್ಕಂದಿನಲ್ಲಿ ಮರದಿಂದ ಬಿದ್ದದ್ದು, ಬಿದ್ದರೂ ಕೈಯಲ್ಲಿದ್ದ ಹಣ್ಣು ಬಿಡದೆ ಇದ್ದದ್ದು ಎಲ್ಲ ಹೇಳಿದರು. ನಡುವೆ ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು.

"ನೀನೀಗ ಮೂಗು ಮುರಿಯಲ್ಲ."

"ಅಭ್ಯಾಸ ಆಯ್ತು ಅತ್ತೆ."

"ಅಭ್ಯಾಸ ಅಂತೀಯ. ಆಗಲಿ." ನನ್ನ ಕೈ ಮೇಲೆ ಕೈ ಇಟ್ಟರು. ಅದು ತಣ್ಣಗಿತ್ತು. ಒದ್ದೆ ಬಟ್ಟೆ ಮುಟ್ಟಿದ ಹಾಗೆ.

ಜುಲೈ 4, ಶನಿವಾರ

ಇವರ ಫೋನು. ಆರೈಕೆ ಕೇಂದ್ರದಲ್ಲಿ ಜಾಗ ಖಾಲಿಯಾಗಿದೆ. ಮುಂದಿನ ವಾರದ ಕೊನೆಗೆ ಕರೆದುಕೊಂಡು ಹೋಗಬಹುದಂತೆ. "ಅಂತೂ ನಿನಗೆ ಬಿಡುಗಡೆ" ಎಂದರು. ಹೂಂ ಎಂದೆ. ಖುಷಿಯಾಗಬೇಕಿತ್ತು. ಬಹುಶಃ ಸುಸ್ತು.

ಮೂಗು ಸರಿ. ವೋಲ್ಟೇಜ್ ಇನ್ನೂ ಇಳಿದಿದೆ.

ಜುಲೈ 9, ಗುರುವಾರ

ಅಕ್ಷರ ಸೊಟ್ಟಗಾಗುತ್ತಿದೆ. ಆದರೂ ಬರೆದೇ ಮಲಗಬೇಕು.

ಸಂಜೆ ಒಲೆಯ ಮೇಲೆ ಹಾಲಿಟ್ಟು, ಅಲ್ಲೇ ಬೆನ್ನು ತಿರುಗಿಸಿ ಪಾತ್ರೆ ಒರೆಸುತ್ತಿದ್ದೆ. ಅತ್ತೆ ಕೋಣೆಯಿಂದ ಕೂಗಿದರು: "ಹಾಲು ಸೀದು ಹೋಗ್ತಿದೆ ಕಣೇ! ಎಲ್ಲಿ ಸತ್ತೆ?" ತಿರುಗಿದರೆ ಪಾತ್ರೆಯ ತಳ ಕಪ್ಪು, ಅಡುಗೆಮನೆ ತುಂಬ ಹೊಗೆ. ಒಂದು ಗೋಡೆ, ಒಂದು ಬಾಗಿಲು ದಾಟಿ ಹಾಸಿಗೆಯಲ್ಲಿ ಮಲಗಿದವರಿಗೆ ಗೊತ್ತಾಯಿತು. ಪಕ್ಕದಲ್ಲಿ ನಿಂತ ನನಗೆ ಗೊತ್ತಾಗಲಿಲ್ಲ.

ಸೀದ ಪಾತ್ರೆಯಲ್ಲೇ ಮುಖ ಇಟ್ಟು ಮೂಸಿದೆ. ಏನೂ ಇಲ್ಲ. ಈರುಳ್ಳಿ ಒಡೆದೆ. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ. ಫಿನಾಯಿಲ್ ಬಾಟಲಿ, ಸೋಪು, ಕಾಫಿ ಡಬ್ಬಿ, ಇವರ ಹಳೆಯ ಬೂಟು. ಮನೆಯಲ್ಲಿದ್ದದ್ದನ್ನೆಲ್ಲ ನಾಯಿಯ ಹಾಗೆ ಮೂಸುತ್ತ ತಿರುಗಿದೆ. ಏನೂ ಇಲ್ಲ, ಏನೇನೂ ಇಲ್ಲ.

ಪಾಪದ ಕಾಫಿ ಅಂಗಡಿಯವನು.

ಹಾಗಾದರೆ ನಲ್ಲಿ?

ಜುಲೈ 10, ಶುಕ್ರವಾರ

ಉಂಗುರವನ್ನು ಬೂದಿ ಹಾಕಿ ಫಳಫಳ ಉಜ್ಜಿಕೊಂಡು ಹೋದೆ. ಗಂಧಕ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಅಕ್ಕಸಾಲಿಗನನ್ನು ಬೈದೆನಲ್ಲ, ಅದು ನನ್ನ ಜಾಣತನ. ಉಂಗುರವನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನಲ್ಲಿಯ ಬಾಯಿಗೆ ಕಟ್ಟಿ ಚೂರು ತಿರುಗಿಸಿದೆ. ಫಿಟ್ಟರ್ ಜೊತೆ ಕಾಫಿ ಕುಡಿದು ಬರುವಷ್ಟರಲ್ಲಿ ಕಂದು ಬಣ್ಣವಾಗಿತ್ತು. ಇನ್ನೊಂದು ಸುತ್ತು ಹೋಗಿ ಬಂದರೆ ಕಪ್ಪು. ಗುಳಿಗೆ ಯಾವತ್ತೋ ಸಾಕಾಗಿ ಕೈಚೆಲ್ಲಿದೆ. ಶೀತ ಬಂದಂದಿನಿಂದ ನಾನು ದಿನಾ ಬೆಳಗ್ಗೆ ಪೆಟ್ಟಿಗೆಗೆ ವಿಷ ಉಣಿಸಿ ಮೂಗು ಸರಿ ಎಂದಿದ್ದೇನೆ.

ಹಲ್ಲುಕಡ್ಡಿಗೆ ಹೇಳಿದೆ. ಕಡ್ಡಿ ಬಾಯಲ್ಲೇ ನಿಂತಿತು.

"ಸೋಮವಾರ ತಯಾರಿಸಿದವರು ಬರ್ತಾರೆ. ಪಿಂಗಾಣಿ ಸರಿ ಇಲ್ಲ ಅಂತ ನಾನು ಆಗಲೇ ಹೇಳಿಯಾಗಿದೆ. ಈಗ ನಮ್ಮ ಗ್ಯಾಸೇ ಕೊಳಕು ಅಂದ್ರೆ ನನ್ನ ಮುಖ ಎಲ್ಲಿಡಲಿ?"

"ಡ್ರಮ್ ಈಗಲೇ ತಿರುಗಿಸಿದ್ರೆ ಪೆಟ್ಟಿಗೆ ಉಳಿಯುತ್ತೆ ಸಾರ್."

"ಸೋಮವಾರ ಆದ ಮೇಲೆ ತಿರುಗಿಸು. ಮೂಗಮ್ಮ ಅಂತ ಹೆಸರಿದೆಯಲ್ಲ, ನಾಲ್ಕು ದಿನ ಮೂಗಿ ಆಗಿರು." ತಮ್ಮ ಮಾತಿಗೆ ತಾವೇ ನಕ್ಕು, ಕಡ್ಡಿಯಿಂದ ಏನೋ ತೆಗೆದು ಮೇಜಿನ ಅಂಚಿಗೆ ಒರೆಸಿದರು.

ವಾಸನೆ ಇಲ್ಲದೆಯೂ ಓಕರಿಕೆ ಬರುತ್ತದೆ ಎಂದು ಇವತ್ತು ತಿಳಿಯಿತು. ಹೊರಗೆ ಬಂದು ಫಿಟ್ಟರನ್ನು ಕರೆದೆ. ಇಬ್ಬರೂ ಸೇರಿ ವಾಲ್ವ್ ತಿರುಗಿಸಿ ಗ್ಯಾಸನ್ನು ಹೊಸ ಡ್ರಮ್ಮಿಗೆ ಹಾಯಿಸಿದೆವು. ಕೇಳಿದರೆ ನಾನೇ ಅಂತ ಹೇಳು ಎಂದೆ.

ಬಸ್ಸಿನಲ್ಲಿ ಬರುವಾಗ ಅದು ತಲೆಗೆ ಹೊಳೆಯಿತು. ನನ್ನ ನಿಲ್ದಾಣ ಬರುವ ಮೊದಲೇ ಇಳಿದು ಓಡಿದೆ. ಓಡಿದರೆ ಬಸ್ಸಿಗಿಂತ ಬೇಗ ಹೋಗುತ್ತೇನೆಯೇ? ಬುದ್ಧಿ ಇರಲಿಲ್ಲ.

ಮೊದಲೆಲ್ಲ ಹೊಸಲು ದಾಟುತ್ತಿದ್ದಂತೆ ಅತ್ತೆಯ ಹಾಸಿಗೆ ಒದ್ದೆಯಾದದ್ದು ನನಗೆ ಗೊತ್ತಾಗುತ್ತಿತ್ತು. ಥೂ ಎನ್ನುತ್ತಲೇ ಬಕೆಟ್ ಹಿಡಿದು ಓಡುತ್ತಿದ್ದೆ. ಅತ್ತೆ ಕರೆಯಬೇಕಾಗಿ ಬಂದದ್ದೇ ಇಲ್ಲ. ಈ ಮೂರು ನಾಲ್ಕು ವಾರ ಬೆಳಗ್ಗೆ ಒಮ್ಮೆ, ರಾತ್ರಿ ಮಲಗುವ ಮೊದಲು ಒಮ್ಮೆ, ಪಾಳಿಯ ಹಾಗೆ ಮಾಡಿದ್ದೇನೆ. ನಡುವೆ ಪಕ್ಕದಲ್ಲೇ ಕೂತು ಜಡೆ ಹಾಕಿದ್ದೇನೆ, ಕಥೆ ಕೇಳಿದ್ದೇನೆ.

ಹೊದಿಕೆ ತೆಗೆದು ಕೆಳಗೆ ಕೈ ಇಟ್ಟೆ. ಒದ್ದೆ. ಪಕ್ಕಕ್ಕೆ ತಿರುಗಿಸಿ ಬೆಳಕು ಬರುವಂತೆ ಪರದೆ ಸರಿಸಿ ನೋಡಿದೆ. ಬೆನ್ನಿನ ಕೆಳಗೆ ಚರ್ಮ ಕೆಂಪಾಗಿ ಸುಲಿದಿತ್ತು. ಒರೆಸುವಾಗೆಲ್ಲ ನಾನು ಎಲ್ಲಿ ನೋಡುತ್ತಿದ್ದೆನೋ, ನನ್ನ ಧೈರ್ಯವನ್ನೇ ನೋಡಿಕೊಳ್ಳುತ್ತಿದ್ದೆನೇನೋ.

"ಯಾಕೆ ಕರೀಲಿಲ್ಲ ಅತ್ತೆ? ಬಾಯಿ ಇರಲಿಲ್ವಾ?"

ಅತ್ತೆ ಹೊದಿಕೆ ಎಳೆದುಕೊಳ್ಳಲು ನೋಡಿದರು.

"ನನಗೆ ಮೂಗು ಹೋಗಿದೆ. ಅಭ್ಯಾಸ ಅಲ್ಲ, ಏನೂ ಅಲ್ಲ. ಮೂಗೇ ಹೋಗಿದೆ."

"ನಿನ್ನೆ ಹಾಲು ಸೀದಾಗಲೇ ತಿಳೀತು" ಎಂದರು. ಆಮೇಲೆ ಗೋಡೆಗೆ ಹೇಳಿದರು, ನನಗಲ್ಲ: "ನೀನು ಮುಖ ಗಂಟಿಕ್ಕದೆ ಬಂದು ಕೂರ್ತಿದ್ದೆ. ಒದ್ದೆಯಾಗಿದೆ ಅಂದ್ರೆ ಮತ್ತೆ ಮೂಗು ಮುರಿದು ಓಡ್ತೀಯ ಅನ್ನಿಸ್ತು. ಸ್ವಲ್ಪ ಹೊತ್ತು ಇರಲಿ, ಸ್ವಲ್ಪ ಹೊತ್ತು ಇರಲಿ ಅಂತ ಹಾಗೇ ಮಲಗಿರ್ತಿದ್ದೆ."

ಇದಕ್ಕಿಂತ ಹೆಚ್ಚು ಬರೆಯಲು ಆಗುವುದಿಲ್ಲ. ನನ್ನ ಮೇಲೆ ನನಗೇ ಹೇಸಿಗೆ.

ಜುಲೈ 13, ಸೋಮವಾರ

ತಯಾರಿಸಿದವರ ಕಡೆಯ ಇಂಜಿನಿಯರುಗಳ ಎದುರು ಕಪ್ಪು ಉಂಗುರ ಇಟ್ಟೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೂಸಿ ನೋಡುತ್ತಿದ್ದೆವು ಎಂದಾಗ ಒಬ್ಬರ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಆ ಗ್ಯಾಸಿನಲ್ಲಿ ಪ್ರಾಣವೇ ಹೋಗಬಹುದಿತ್ತು, ಗೊತ್ತೇನಮ್ಮ?" ಎಂದರು. ಪಿಂಗಾಣಿಯಲ್ಲಿ ಬಿರುಕಿಲ್ಲ, ಕಾವು ಆರಿಸಬೇಡಿ, ಶುದ್ಧ ಗ್ಯಾಸು ಕೊಡುತ್ತಾ ಹೋಗಿ, ಕೂತ ಗಂಧಕ ಮೆಲ್ಲಗೆ ಎದ್ದು ಹೋಗುತ್ತದೆ, ಎಲ್ಲವೂ ಅಲ್ಲ, ಮುಕ್ಕಾಲು ಪಾಲು ಎಂದರು. ಹಲ್ಲುಕಡ್ಡಿ ಅಷ್ಟು ಹೊತ್ತೂ ಹಲ್ಲು ಕೆದಕಲಿಲ್ಲ.

ಅಲ್ಲಿಂದ ಆರೈಕೆ ಕೇಂದ್ರಕ್ಕೆ ಹೋದೆ. ಅಂಗಳ ಚೆನ್ನಾಗಿದೆ, ಗೋಡೆಗೆ ಹೊಸ ಬಣ್ಣ. ಸಾಲು ಮಂಚ. ನೋಡಿಕೊಳ್ಳುವ ಹೆಂಗಸು ಮಂಚಗಳ ನಡುವೆ ಕೂತು ತಟ್ಟೆ ಹಿಡಿದು ತಿಂಡಿ ತಿನ್ನುತ್ತಿದ್ದಳು. ನನ್ನನ್ನು ನೋಡಿ ನಕ್ಕಳು: "ಹೊಸದರಲ್ಲಿ ನಂಗೂ ಆಗ್ತಿರಲಿಲ್ಲ ಅಕ್ಕ. ಈಗ ವಾಸನೆ ಅನ್ನೋದೇ ಗೊತ್ತಾಗಲ್ಲ. ಅಭ್ಯಾಸ." ಒಳ್ಳೆಯ ಹೆಂಗಸು, ಸುಳ್ಳು ಹೇಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಹಾಸಿಗೆ ಬೇರೆ ಯಾರಿಗಾದರೂ ಕೊಡಿ ಎಂದು ಹೇಳಿ ಬಂದೆ. ಇವರು ಫೋನಿನಲ್ಲಿ ಯಾಕೆ ಯಾಕೆ ಎಂದು ಕೂಗಾಡಿದರು. ಅಲ್ಲಿ ಸೊಳ್ಳೆ ಜಾಸ್ತಿ ಎಂದೆ.

ಜುಲೈ 22, ಬುಧವಾರ

ಹೊಸ ಮೀಟರ್ ಬಂದು ಕೂತಿದೆ. ಹಲ್ಲುಕಡ್ಡಿ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು, ಥೂ. ವೋಲ್ಟೇಜ್ ಮೆಲ್ಲಗೆ ಏರುತ್ತಿದೆ.

ನನ್ನ ಮೂಗಿಗೆ ಡಾಕ್ಟರರು ಏನೂ ಕೊಡಲಿಲ್ಲ. ಶೀತದ ಕಾಟ ಇರಬಹುದು, ಆ ಗ್ಯಾಸೂ ಸೇರಿರಬಹುದು, ಬಂದರೆ ಬಂತು ಎಂದರು. ನಾನೂ ಕಾಯುತ್ತಿಲ್ಲ. ಕೋಣೆಗೆ ಹೋದಾಗೆಲ್ಲ ಹೊದಿಕೆಯ ಕೆಳಗೆ ಕೈ ಇಡುತ್ತೇನೆ. ಅತ್ತೆಗೆ ಕೋಪ. "ಹೋಟೆಲ್ ಮಾಣಿ ಮೇಜು ಒರೆಸಿದ ಹಾಗೆ ಬಂದು ಬಂದು ಕೈ ಹಾಕ್ತೀಯಲ್ಲ!" ಕೂಗಿ ಕರೆದರೆ ಕೈ ಹಾಕುವುದಿಲ್ಲ ಎಂದೆ. ಕರೆಯುವುದಿಲ್ಲ, ಹಟ. ಗಾಯ ಒಣಗುತ್ತಿದೆ. ಸಂಜೆ ಅಲ್ಲೇ ಕೂರುತ್ತೇನೆ, ಜಡೆ ಹಾಕುತ್ತೇನೆ, ಆದರೆ ಅತ್ತೆ ಈಗ ನನ್ನ ಮುಖ ನೋಡುವುದಿಲ್ಲ. ಮೂಗಿಲ್ಲದವಳು ಕೂತರೆ ಅದೇನು ದೊಡ್ಡ ವಿಷಯ ಎಂದು ಅವರಿಗೆ ಅನಿಸುತ್ತಿರಬೇಕು. ನ್ಯಾಯವೇ.

ಆಗಸ್ಟ್ 2, ಭಾನುವಾರ

ಬೆಳಗ್ಗೆ ಎರಡು ಲೋಟ ಕಾಫಿ ಹಿಡಿದು ಅತ್ತೆಯ ಕೋಣೆಯ ಬಾಗಿಲನ್ನು ಕಾಲಿನಿಂದ ತಳ್ಳಿದೆ.

ಬಂತು. ಮುಖಕ್ಕೆ ಹೊಡೆದ ಹಾಗೆ ಬಂತು. ರಾತ್ರಿಯ ಮೂತ್ರ, ಮುಲಾಮು, ಬೆವರು, ಹಳೆಯ ರಬ್ಬರ್ ಹಾಳೆ, ಅದರ ಮೇಲೆ ಫಿನಾಯಿಲ್, ಒಂದೊಂದೂ ಬೇರೆ ಬೇರೆಯಾಗಿ. ಒಂದು ಲೋಟ ನೆಲಕ್ಕೆ ಬಿತ್ತು. ಇನ್ನೊಂದನ್ನು ಎಲ್ಲಿ ಇಟ್ಟೆನೋ, ಕಿಟಕಿಗೆ ಓಡಿ ಕಂಬಿಗೆ ಮುಖ ಒತ್ತಿ ಓಕರಿಸಿದೆ. ಮೂಗು, ಬಾಯಿ, ಹುಬ್ಬು ಎಲ್ಲ ಮುರಿದು ಮುದ್ದೆಯಾಗಿರಬೇಕು. ಇನ್ನು ಅತ್ತೆ ಗೋಡೆಗೆ ತಿರುಗುತ್ತಾರೆ, ಇನ್ನು ತಿರುಗುತ್ತಾರೆ ಎಂದು ಹೆದರಿಕೊಂಡೇ ಹಿಂದೆ ನೋಡಿದೆ.

ತಿರುಗಿರಲಿಲ್ಲ. ದಿಂಬಿನಿಂದ ತಲೆ ಎತ್ತಿ ನನ್ನ ಮುಖವನ್ನೇ ನೋಡುತ್ತಿದ್ದರು. ಒಂದು ಕೈಯನ್ನು ಫೋನಿನ ಹಾಗೆ ಕಿವಿಗೆ ಹಿಡಿದು, ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದರು:

"ಮೂಗು ಸರಿ!"

ನಕ್ಕು ನಕ್ಕು ಕೆಮ್ಮು ಬಂತು ಅವರಿಗೆ. ನನಗೆ ಕಣ್ಣು ಮೂಗು ಎಲ್ಲ ಸುರಿಯುತ್ತಿತ್ತು.

"ನಗ್ತೀರಲ್ಲ ಅತ್ತೆ, ಥೂ, ಹೊರಳಿ ಆ ಕಡೆ" ಎಂದು ಬಕೆಟ್ ತರಲು ಹೋದೆ.